ಚಾಳೀಸಿನ ಕಣ್ಣಿಗೆ ಬಿಲ್ಲು ಹೊಂದಿಸಿದ ಒಂದು ಶನಿವಾರ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಕಾಲ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಸೆಪ್ಟೆಂಬರ್ ಕೊನೆಯ ಶನಿವಾರ ಬಿಲ್ಲಿನ ಮೈದಾನಕ್ಕೆ ಹೋದರೆ ಕಾಣುವುದು ತಲೆ ನರೆತವರೇ ಹೆಚ್ಚು. ಎಲ್ಲರ ದೂರೂ ಒಂದೇ, ಸೈಟಿನ (ಬಿಲ್ಲಿಗೆ ಕೂರಿಸಿದ ಗುರಿಸಾಧನ) ಪಿನ್ನು, ಅಂದರೆ ಗುರಿಯ ಮೇಲೆ ಇಡುವ ಚುಕ್ಕೆ, ಮಸುಕು. ನಮ್ಮ ರಾಯರದ್ದೂ ಅದೇ. ಹಾಸನದ ಕಡೆಯವರು, ಡೆಟ್ರಾಯಿಟ್ ಪಕ್ಕದ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅರವತ್ತು ದಾಟಿದೆ, ಬಲಗೈ ಬಿಲ್ಲುಗಾರರು. ಆ ದಿನ ಮಧ್ಯಾಹ್ನ ಎರಡರಿಂದ ಕತ್ತಲಾಗುವ ತನಕ ತುದಿಗಳಲ್ಲಿ ರಾಟೆಯಿರುವ ಅವರ ಕಾಂಪೌಂಡ್ ಬಿಲ್ಲಿನ ಮೇಲೆ ನಡೆದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಆದರೆ ಹಲಗೆಗೆ ಗುರಿಯಿಟ್ಟು ಹೊಡೆಯುವ ಕಾಂಪೌಂಡ್ ಬಿಲ್ಲಿನವರಿಗೂ ಈ ಲೆಕ್ಕವೆಲ್ಲ ಹಾಗೇ ಒಪ್ಪುತ್ತದೆ.

ಗುರಿ ಹಿಡಿದ ಕಣ್ಣಿನ ಮುಂದೆ ಮೂರು ವಸ್ತು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹೆದೆಯ ಎಳೆಗಳ ನಡುವೆ ಕೂರಿಸಿದ ಪೀಪ್ ಎಂಬ ತೂತು ಕಣ್ಣಿನಿಂದ ಮೂರು-ನಾಲ್ಕು ಇಂಚು ದೂರ. ಪಿನ್ನು ಚಾಚಿದ ಕೈಗಿಂತ ಸ್ವಲ್ಪ ಆಚೆ, 75ರಿಂದ 90 ಸೆಂಟಿಮೀಟರ್. ಗುರಿ 20 ಗಜ, ಅಂದರೆ 18 ಮೀಟರ್. ಎಳೆಯ ಕಣ್ಣಿನ ಮಸೂರ ಪಿನ್ನಿಗೂ ಗುರಿಗೂ ನಡುವೆ ಕ್ಷಣಮಾತ್ರದಲ್ಲಿ ಹೋಗಿಬರುತ್ತದೆ. ಎರಡೂ ಒಟ್ಟಿಗೆ ಸ್ಪಷ್ಟವಾಗಿವೆ ಅನ್ನಿಸುವುದು ಅದರಿಂದ. ನಲವತ್ತರ ಮೇಲೆ ಮಸೂರ ಗಡುಸಾಗುತ್ತ ಹೋಗಿ, ಅರವತ್ತರ ಹೊತ್ತಿಗೆ ಈ ಓಡಾಟ ಹೆಚ್ಚುಕಡಿಮೆ ನಿಂತಿರುತ್ತದೆ. 80 ಸೆಂಟಿಮೀಟರಿನ ಪಿನ್ನನ್ನು ಸ್ಪಷ್ಟವಾಗಿ ನೋಡಲು 1.25 ಡಯಾಪ್ಟರ್ (ಮಸೂರದ ಪವರಿನ ಅಳತೆ) ಬೇಕು, 18 ಮೀಟರಿನ ಗುರಿಗೆ 0.05 ಸಾಕು. ನಡುವಿನ 1.2 ಡಯಾಪ್ಟರನ್ನು ಇನ್ನು ಮುಂದೆ ಕಣ್ಣು ತುಂಬಿಕೊಡುವುದಿಲ್ಲ, ಬೇರೆ ಯಾವುದಾದರೂ ತುಂಬಿಕೊಡಬೇಕು.

ರಾಯರ ತಲೆಬಿಸಿ ಬೇರೆ ಇತ್ತು. "ಅಲ್ಲ ಕಣಯ್ಯ, ಮಧ್ಯಾಹ್ನ ಹೊಡೆದ್ರೆ ಎಲ್ಲಾ ಬಾಣ ತಟ್ಟೆಯೊಳಗೆ ಬೀಳ್ತವೆ. ಸಂಜೆ ಅದೇ ಬಿಲ್ಲು, ಅದೇ ಕೈ, ಪಿನ್ನೇ ಕಾಣಲ್ಲ. ಏನಾಗ್ತದೆ ಇದಕ್ಕೆ?"

ಆಗುವುದು ಪಾಪೆಗೆ. ಮಸುಕಿನ ಗಾತ್ರ ಅಂದರೆ ಪಾಪೆಯ ಅಗಲವನ್ನು ಕಡಿಮೆ ಬಿದ್ದ ಡಯಾಪ್ಟರಿನಿಂದ ಗುಣಿಸಿದಷ್ಟು. ಬಿಸಿಲಿನಲ್ಲಿ ಪಾಪೆ 2.5 ಮಿಲಿಮೀಟರಿಗೆ ಕಿರಿದಾಗಿದೆ ಅನ್ನಿ. ಗುರಿಯನ್ನು ನೋಡುತ್ತಿರುವಾಗ ಪಿನ್ನಿನ ಮಸುಕು 18 ಮೀಟರಿನಾಚೆಯ ಹಲಗೆಯ ಮೇಲೆ ಸುಮಾರು ಐದೂವರೆ ಸೆಂಟಿಮೀಟರ್ ಹರಡಿದಂತೆ ಕಾಣುತ್ತದೆ. ಮುಸ್ಸಂಜೆಗೆ ಪಾಪೆ 5 ಮಿಲಿಮೀಟರಿಗೆ ಅರಳಿದರೆ ಅದೇ ಮಸುಕು 11 ಸೆಂಟಿಮೀಟರ್. 40 ಗಜಕ್ಕೆ 22 ಸೆಂಟಿಮೀಟರ್ ದಾಟುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗವೇ 20ರಿಂದ 25 ಸೆಂಟಿಮೀಟರ್. ಅಲ್ಲಿಗೆ ಇಡೀ ಜಾಗವನ್ನು ಮಸುಕೇ ನುಂಗಿತು. ಮಿಶಿಗನ್‌ನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಜಿಂಕೆಗೆ ಬಾಣ ಬಿಡಬಹುದು. ಜಿಂಕೆ ಓಡಾಡುವುದೂ ಹೆಚ್ಚಾಗಿ ಆ ಮಬ್ಬಿನಲ್ಲೇ. ಹಾಗಿರುವಾಗ ಸುಡುಬಿಸಿಲಿನಲ್ಲಿ ನಿಂತು ಸೈಟು ಹೊಂದಿಸಿ, ಎಲ್ಲ ಸರಿಯಿದೆ ಅಂತ ಮನೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ಬಿಲ್ಲಿಗೆ ಕೈ ಹಚ್ಚುವ ಮೊದಲು ರಾಯರ ಪ್ರೋಗ್ರೆಸಿವ್ ಕನ್ನಡಕವನ್ನು (ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಪವರ್ ಬದಲಾಗುತ್ತ ಹೋಗುವ ಗಾಜು) ತೆಗೆಸಿದ್ದಾಯಿತು. ಬಲಗೈ ಬಿಲ್ಲುಗಾರ ಹೆದೆ ಎಳೆದು ಮುಖವನ್ನು ಎಡಕ್ಕೆ ತಿರುಗಿಸಿದಾಗ ಬಲಗಣ್ಣು ನೋಡುವುದು ಗಾಜಿನ ನಡುವಿನಿಂದಲ್ಲ, ಮೂಗಿನ ಪಕ್ಕದ ಮೇಲಿನ ಮೂಲೆಯಿಂದ. ಪ್ರೋಗ್ರೆಸಿವ್ ಗಾಜಿನಲ್ಲಿ ಅಂಚಿನ ಕಡೆ ನೋಟ ಸೊಟ್ಟಗಾಗುತ್ತದೆ. ಪಿನ್ನಿಗೆ ಬೇಕಾದ ಪವರ್ ಅದೇ ಗಾಜಿನಲ್ಲಿ ಕೆಳಗಿದೆ, ಅದನ್ನು ಹುಡುಕಿಕೊಂಡು ಗದ್ದ ತಾನಾಗಿಯೇ ಮೇಲೇಳುತ್ತದೆ. ಗದ್ದ ಎದ್ದರೆ ಹೆದೆ ಮೂಗಿನ ತುದಿ ಬಿಡುತ್ತದೆ, ಪೀಪು ಕಣ್ಣಿನ ಸಾಲು ತಪ್ಪುತ್ತದೆ. ಪೀಪಿನಿಂದ ಪಿನ್ನಿಗೆ ಸುಮಾರು 70 ಸೆಂಟಿಮೀಟರ್ ಇರುವ ಬಿಲ್ಲಿನಲ್ಲಿ ಪೀಪಿನ ನಡುವಿನಿಂದ ಕಣ್ಣು ಒಂದು ಮಿಲಿಮೀಟರ್ ಸರಿದರೆ 20 ಗಜದಲ್ಲಿ ಬಾಣ ಎರಡೂವರೆ ಸೆಂಟಿಮೀಟರ್ ಆಚೀಚೆ ಹೋಗುತ್ತದೆ. ಪಿನ್ನು ಮಸುಕಾಗಿದ್ದರೂ ಅದರ ನಡುಭಾಗವನ್ನು ಗುರಿಗೆ ಇಟ್ಟರೆ ಬಾಣ ಅಲ್ಲಿಗೇ ಹೋಗುತ್ತದೆ. ಮಸುಕು ಸರಿಮಾಡಿಕೊಳ್ಳಲು ಕತ್ತು ಅಲ್ಲಾಡಿಸುವುದೇ ಬಾಣ ಚದುರಲು ಕಾರಣ. ರಾಯರ ಬಾಣಗಳು ಮೇಲೆ-ಕೆಳಗೆ ಚದುರುತ್ತಿದ್ದುದರ ಗುಟ್ಟು ಇದೇ.

ಬಿಲ್ಲಿಗೆ ಬೇಕಾದದ್ದು ಒಂದೇ ಪವರಿನ ಬೇರೆ ಕನ್ನಡಕ. ಅಂಗಡಿಯಲ್ಲಿ ಸಿಗುವ ಓದುವ ಕನ್ನಡಕ ಕೆಲಸಕ್ಕೆ ಬರುವುದಿಲ್ಲ. +2.50 ಅಂದರೆ 40 ಸೆಂಟಿಮೀಟರಿಗೆ ಸ್ಪಷ್ಟ. ಬಿಲ್ಲಿಗೆ ಹಾಕಿದರೆ ಪಿನ್ನೂ ಇಲ್ಲ, ಜಿಂಕೆಯೂ ಇಲ್ಲ. ಪಿನ್ನಿಗೆ ಸರಿಯಾಗಿ +1.25 ಹಾಕಿದರೆ ಪಿನ್ನು ಚೂಪಾಗಿ ಕಾಣುತ್ತದೆ, ಆದರೆ ಮುಸ್ಸಂಜೆಯ ಜಿಂಕೆ ಬೂದುಬಣ್ಣದ ಪೊದೆಯೊಳಗೆ ಕರಗುತ್ತದೆ. ಬೇಟೆಯಲ್ಲಿ ಇದು ಅಪಾಯ: ಬಾಣದ ದಾರಿಯಲ್ಲಿರುವ ಕಡ್ಡಿ, ಹಿಂದೆ ನಿಂತ ಇನ್ನೊಂದು ಜಿಂಕೆ ಕಾಣಲೇಬೇಕು. ಆದ್ದರಿಂದ ನಡುವಿನ ದಾರಿ: ದೂರ ನೋಡುವ ನಂಬರಿಗೆ +0.50 ಸೇರಿಸುವುದು. ದೂರದ ನಂಬರ್ -2.00 ಇದ್ದವರಿಗೆ -1.50. ಗುರಿ ಅಷ್ಟಾಗಿ ಕೆಡುವುದಿಲ್ಲ, ಪಿನ್ನಿನ ಕೊರತೆ 1.25ರಿಂದ 0.75ಕ್ಕೆ ಇಳಿಯುತ್ತದೆ. +0.75ರ ಮೇಲೆ ಹೋಗುವುದು ನನಗೆ ಒಪ್ಪಿಗೆಯಿಲ್ಲ, ಹಲಗೆಗಷ್ಟೇ ಹೊಡೆಯುವವರು ಬೇಕಾದರೆ ಹೋಗಲಿ.

ಕನ್ನಡಕದ ಅಂಗಡಿಗೆ ಬಿಲ್ಲು ಹೊತ್ತುಕೊಂಡು ಹೋಗಲಾಗುವುದಿಲ್ಲ, ಅಳತೆ ಒಯ್ಯಬೇಕು. ರಾಯರು ಬಾಣ ಹೂಡಿ, ಹಲಗೆಯ ಕಡೆಗೇ ತಿರುಗಿ, ಹೆದೆ ಪೂರ್ತಿ ಎಳೆದು ನಿಂತರು. ಪಕ್ಕದಿಂದ ಟೇಪು ಹಿಡಿದು ಕಣ್ಣಿನ ಮೂಲೆಯಿಂದ ಪಿನ್ನಿಗೆ ಅಳೆದರೆ 82 ಸೆಂಟಿಮೀಟರ್. ಬಾಣವಿಲ್ಲದೆ ಎಳೆಯುವ ಸಾಹಸ ಯಾರೂ ಮಾಡಬಾರದು, ಕೈ ಜಾರಿ ಖಾಲಿ ಹೆದೆ ಹಾರಿದರೆ ಬಿಲ್ಲಿನ ತೋಳು ಸೀಳುತ್ತದೆ. ಅದೇ ನಿಲುವಿನಲ್ಲಿ ಹಳೆಯ ಕನ್ನಡಕದ ಬಲಗಾಜಿನ ಮೇಲೆ ಕಣ್ಣು ಎಲ್ಲಿಂದ ನೋಡುತ್ತದೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಟ್ಟೆವು. ಚುಕ್ಕೆ ಗಾಜಿನ ನಡುವಿನಿಂದ ಒಳಕ್ಕೂ ಮೇಲಕ್ಕೂ ಒಂದು ಸೆಂಟಿಮೀಟರಿನಷ್ಟು ಸರಿದಿತ್ತು. ಹೊಸ ಗಾಜಿನ ನಡುಬಿಂದು ಅಲ್ಲಿಗೆ ಬರಲಿ ಅಂತ ಕನ್ನಡಕ ಮಾಡುವವರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಫ್ರೇಮು ದೊಡ್ಡದಿರಲಿ, ಅಂಚು ತೆಳ್ಳಗಿರಲಿ. ಆ ದಿನದ ಮಟ್ಟಿಗೆ ರಾಯರು ತಮ್ಮ ಕಣ್ಣಿನ ಡಾಕ್ಟರ ಹತ್ತಿರ ಕೇಳಿ ತಂದಿದ್ದ +0.50ರ ಬಿಡಿ ಗಾಜನ್ನು ದೂರದ ಕನ್ನಡಕಕ್ಕೆ ಟೇಪಿನಲ್ಲಿ ಅಂಟಿಸಿಕೊಂಡರು. ನೋಡಲು ಚೆನ್ನಾಗಿರಲಿಲ್ಲ, ಪ್ರಯೋಗಕ್ಕೆ ಸಾಕಾಯಿತು.

ಪಿನ್ನು ಇನ್ನೂ ಗೆರೆಗೆರೆಯಾಗಿ, ಹೂ ಅರಳಿದ ಹಾಗೆ ಕಾಣುತ್ತದೆ ಎಂದರು. ಫೋನಿನ ಕ್ಯಾಮೆರಾದಲ್ಲಿ ಪಿನ್ನಿನ ಫೋಟೊ ತೆಗೆದು ನೋಡಿದರೆ ದುಂಡಗಿತ್ತು. ಫೋಟೊದಲ್ಲಿ ದುಂಡಗಿದ್ದು ಕಣ್ಣಿಗೆ ಚೆದುರಿ ಕಂಡರೆ ದೋಷ ಕಣ್ಣಿನದು, ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇರದ ದೋಷ) ಇರಬೇಕು. ಹೊಸ ಗಾಜಿನಲ್ಲಿ ಅದನ್ನು ಸರಿಪಡಿಸುವ ಸಿಲಿಂಡರ್ ನಂಬರನ್ನು ಬಿಡದೆ ಹಾಕಿಸಬೇಕು.

ಮುಂದಿನದು ಪೀಪ್. ರಾಯರ ಹೆದೆಯಲ್ಲಿದ್ದದ್ದು ಕಾಲಿಂಚಿನದು, 6.4 ಮಿಲಿಮೀಟರ್. ವಯಸ್ಸಾದವರಿಗೆ ದೊಡ್ಡ ತೂತು, ಹೆಚ್ಚು ಬೆಳಕು ಅಂತ ಅಂಗಡಿಯವರು ಕೊಡುವುದು ವಾಡಿಕೆ. ಈ ಸಲಹೆ ಅರ್ಧ ಮಾತ್ರ ಸರಿ. ವಯಸ್ಸಾದ ಪಾಪೆ ಕತ್ತಲಲ್ಲೂ ಎಳೆಯರ ಪಾಪೆಯಷ್ಟು ಅರಳುವುದಿಲ್ಲ. ಪಾಪೆಯೇ 4 ಅಥವಾ 5 ಮಿಲಿಮೀಟರಿಗೆ ನಿಂತರೆ ಅದಕ್ಕಿಂತ ದೊಡ್ಡ ತೂತಿನಿಂದ ನೋಟದ ಹರವು ಹೆಚ್ಚುತ್ತದೆಯೇ ಹೊರತು ಗುರಿ ಬೆಳಗುವುದಿಲ್ಲ. ಇನ್ನೊಂದು ಕಡೆ, ಪಾಪೆಗಿಂತ ಪೀಪ್ ಚಿಕ್ಕದಾದಾಗ ಮಾತ್ರ ಮಸುಕು ಕಡಿಮೆಯಾಗುತ್ತದೆ. ಮಧ್ಯಾಹ್ನ ಪಾಪೆ 2.5 ಇರುವಾಗ 3.2 ಮಿಲಿಮೀಟರಿನ ಎಂಟನೇ ಒಂದು ಇಂಚಿನ ಪೀಪ್ ಹಾಕಿ "ಏನೂ ವ್ಯತ್ಯಾಸ ಇಲ್ಲ" ಅಂದರೆ ಅದು ನಿಜವೇ. ವ್ಯತ್ಯಾಸ ಕಾಣುವುದು ಸಂಜೆಗೆ.

ಹೊರಚಿಪ್ಪು ಹಾಗೇ ಉಳಿದು ಒಳಗಿನ ತೂತಿನ ಬಿಲ್ಲೆಯನ್ನಷ್ಟೇ ತಿರುಪಿ ಬದಲಾಯಿಸುವ ಪೀಪ್ ಇದ್ದರೆ ಎರಡು ನಿಮಿಷದ ಕೆಲಸ. ರಾಯರದ್ದು ಇಡಿಯಾದದ್ದು, ಹಾಗಾಗಿ ಬಿಲ್ಲಿನ ತೋಳನ್ನು ಅದುಮಿ ಹಿಡಿಯುವ ಬೋ ಪ್ರೆಸ್‌ಗೆ ಹಾಕಿ ಹೆದೆ ಸಡಿಲಿಸಬೇಕಾಯಿತು. ತೆಗೆಯುವ ಮೊದಲು ಡಿ-ಲೂಪಿನಿಂದ (ಹೆದೆ ಎಳೆಯಲು ಕಟ್ಟಿದ ದಾರದ ಕುಣಿಕೆ) ಪೀಪಿನ ನಡುವಿಗೆ ಎಷ್ಟು ದೂರ ಅಂತ ಅಳೆದು ಬರೆದುಕೊಳ್ಳಬೇಕು, ಹೊಸದು ಅಷ್ಟಕ್ಕೇ ಕೂರಬೇಕು. ಎರಡೂ ಕಡೆ ಎಳೆಗಳು ಸಮನಾಗಿ ಹಂಚಿರಬೇಕು, ಇಲ್ಲದಿದ್ದರೆ ಎಳೆದಾಗ ಪೀಪ್ ಅಡ್ಡ ತಿರುಗಿ ತೂತು ಮುಚ್ಚುತ್ತದೆ. ಮೇಲೆ-ಕೆಳಗೆ ದಾರ ಸುತ್ತಿ ಬಿಗಿದ ಮೇಲೆ ಹತ್ತಿಪ್ಪತ್ತು ಬಾಣ ಹೊಡೆದು, ತಿರುಗಿದೆಯೇ ಜರುಗಿದೆಯೇ ನೋಡುವುದು.

ಎಂಟನೇ ಒಂದು ಇಂಚು ಹಾಕಿದ್ದಕ್ಕೆ ಹೊಸ ತಕರಾರು ಬಂತು. ಪಿನ್ನುಗಳ ಸುತ್ತ ಬಳೆಯಂತಿರುವ ಸೈಟಿನ ದುಂಡು ಹೌಸಿಂಗ್ ಎರಡು ಇಂಚು ಅಗಲದ್ದು, ಅದರ ಸುತ್ತಂಚು ಈಗ ತೂತಿನೊಳಗೆ ಕಾಣದು. ಪೀಪಿನ ವೃತ್ತದೊಳಗೆ ಹೌಸಿಂಗ್ ವೃತ್ತ ಸಮವಾಗಿ ಕೂತರೆ ತಲೆ ಸರಿಯಾದ ಜಾಗದಲ್ಲಿದೆ ಅನ್ನುವ ಗುರುತು ಅದು, ಅದನ್ನು ಕಳೆದುಕೊಳ್ಳುವುದು ಒಳ್ಳೆಯದಲ್ಲ. ಹೌಸಿಂಗನ್ನೇ ಒಂದೂಮುಕ್ಕಾಲು ಇಂಚಿಗಿಂತ ಚಿಕ್ಕದಕ್ಕೆ ಬದಲಾಯಿಸಬಹುದು, ಇಲ್ಲವೇ ಪೀಪ್ ಸ್ವಲ್ಪ ದೊಡ್ಡದಿರಲಿ ಎನ್ನಬಹುದು. ಕೊನೆಗೆ 5/32 ಇಂಚು, ಅಂದರೆ 4 ಮಿಲಿಮೀಟರಿಗೆ ರಾಜಿಯಾದೆವು. ಪೀಪಿನೊಳಗೇ ಪುಟ್ಟ ಮಸೂರ ಕೂರಿಸುವ ಏರ್ಪಾಡೂ ಇದೆ. ವೆರಿಫೈಯರ್ ಎಂಬುದು ಪಿನ್ನನ್ನು ಸ್ಪಷ್ಟಗೊಳಿಸುತ್ತದೆ. ಕ್ಲಾರಿಫೈಯರ್ ಎಂಬುದು ಸೈಟಿನಲ್ಲಿ ಹಿಗ್ಗಿಸುವ ಗಾಜು ಇದ್ದವರಿಗೆ ಮಾತ್ರ, ಬೇಟೆಯ ಬರಿ ಪಿನ್ನಿಗೆ ಅದನ್ನು ಹಾಕಿ ಪೆಚ್ಚಾಗುವವರಿದ್ದಾರೆ. ಮಳೆಹನಿ ಬಿದ್ದರೆ, ಉಸಿರಿನ ಆವಿ ಹತ್ತಿದರೆ ಎರಡೂ ಕುರುಡು. ಅಕ್ಟೋಬರಿನ ಮಿಶಿಗನ್‌ಗೆ ನಾನು ಹೇಳುವುದಿಲ್ಲ.

ಸೈಟಿನಲ್ಲಿ ಐದು ಪಿನ್ನುಗಳಿದ್ದವು. ಚುರುಕು ಕಣ್ಣಿಗೆ ಐದು ಚುಕ್ಕೆ, ಮಸುಕು ಕಣ್ಣಿಗೆ ಒಂದಕ್ಕೊಂದು ಬೆರೆತ ಬಣ್ಣದ ಕೋಲು. ನಾಲ್ಕನ್ನು ತೆಗೆದು ಒಂದೇ ಇಟ್ಟು 25 ಗಜಕ್ಕೆ ಹೊಂದಿಸಿದೆವು. ಬಾಣ ಸೆಕೆಂಡಿಗೆ 270 ಅಡಿ ಹೋಗುವ ಬಿಲ್ಲಾದರೆ 20 ಗಜದಲ್ಲಿ ಸುಮಾರು 4 ಸೆಂಟಿಮೀಟರ್ ಮೇಲೆ, 30ರಲ್ಲಿ 7 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನಡುವೆ ಎಲ್ಲಿದ್ದರೂ ಪಿನ್ನನ್ನು ಮೇಲೆ-ಕೆಳಗೆ ಸರಿಸುವ ಚಕ್ರ ತಿರುಗಿಸುವ ಗೋಜಿಲ್ಲ. ಮಬ್ಬಿನಲ್ಲಿ ಜಿಂಕೆ ಎದುರಿಗಿರುವಾಗ ಬೆರಳಾಡಿಸದೆ ಇರುವುದೇ ವಾಸಿ. ಪಿನ್ನಿನ ಬಣ್ಣ ಹಸಿರು. ಬೆಳಕು ಇಳಿದಂತೆ ಕಣ್ಣು ಮೊದಲು ಕೈಬಿಡುವುದು ಕೆಂಪನ್ನು. ಪಿನ್ನಿನ ತುದಿಗೆ ಬೆಳಕು ತರುವ ಫೈಬರ್ ಎಳೆ 0.019 ಇಂಚಿನದು, 0.029 ಹೆಚ್ಚು ಬೆಳಗುತ್ತದೆ, ಆದರೆ ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಇನ್ನಷ್ಟು ಚೆದುರುತ್ತದೆ. ಬ್ಯಾಟರಿ ದೀಪ ಹಾಕುವವರು ಕಾಣುವಷ್ಟಕ್ಕೆ ಮಾತ್ರ ಬೆಳಕು ಏರಿಸಬೇಕು. ಪಿನ್ನು ಉರಿದರೆ ಗುರಿ ಕತ್ತಲಾಗುತ್ತದೆ. ಬಿಲ್ಲಿನ ಮೇಲೆ ಬ್ಯಾಟರಿ ಸಾಮಾನು ಕೂಡದೆನ್ನುವ ರಾಜ್ಯಗಳೂ ಇವೆ, ನಿಯಮ ಓದಿಕೊಂಡು ಹೋಗಬೇಕು.

ರಾಯರಿಗೆ ಎಡಗಣ್ಣು ಮುಚ್ಚುವ ಅಭ್ಯಾಸ. ಒಂದು ಕಣ್ಣು ಮುಚ್ಚಿದರೆ ಇನ್ನೊಂದರ ಪಾಪೆ ಸ್ವಲ್ಪ ಅರಳಿ ಮಸುಕು ಹೆಚ್ಚುತ್ತದೆ. ಅದರ ಬದಲು ಎಡಗಾಜಿಗೆ ಮಂಜುಬಣ್ಣದ ಟೇಪಿನ ಚೂರು ಅಂಟಿಸಿದರೆ ಎರಡೂ ಕಣ್ಣು ತೆರೆದೇ ಇರುತ್ತವೆ. "ಇದೊಂದು ಮೊದಲೇ ಹೇಳಬಾರದಿತ್ತೇನಯ್ಯ," ಅಂದರು.

ಸೂರ್ಯ ಮುಳುಗಿದ್ದು 7:20ರ ಸುಮಾರಿಗೆ. ನಿಜವಾದ ಪರೀಕ್ಷೆ ಆಗಿನಿಂದ. 23 ಸೆಂಟಿಮೀಟರಿನ ಕಾಗದದ ತಟ್ಟೆಗೆ ಕಂದು ಬಣ್ಣ ಬಳಿದು ಹಲಗೆಗೆ ಚುಚ್ಚಿದೆವು. ಬಿಳಿ ತಟ್ಟೆ ಕತ್ತಲಲ್ಲೂ ಕಂಡು ಮೋಸ ಮಾಡುತ್ತದೆ. 20 ಗಜದಲ್ಲಿ ಐದಕ್ಕೆ ಐದು ಬಾಣ ತಟ್ಟೆಯೊಳಗೆ. 25ರಲ್ಲೂ ಹಾಗೇ, ಒಂದು ಅಂಚು ತಾಕಿತ್ತು. 30ರಲ್ಲಿ ಎರಡು ಹೊರಗೆ. ಮಧ್ಯಾಹ್ನ ಇದೇ ರಾಯರು 35 ಗಜದಲ್ಲಿ ಐದನ್ನೂ ಒಳಗಿಟ್ಟಿದ್ದರು. ಹಾಗಾಗಿ ಅವರ ಸಂಜೆಯ ಮಿತಿ 25 ಗಜ. ಅವರು ಕೂರುವ ಮರದಿಂದ 25 ಗಜ ಅಳೆದು ಒಂದು ಕೋಲು ನೆಡುವುದು, ಅದರಾಚೆ ಎಷ್ಟೇ ದೊಡ್ಡ ಕೊಂಬಿನದು ಬಂದರೂ ಹೆದೆ ಎಳೆಯುವುದಿಲ್ಲ ಅಂತ ಮಾತಾಯಿತು.

ಬಿಲ್ಲನ್ನು ಪೆಟ್ಟಿಗೆಗೆ ಇಡುವಾಗ ರಾಯರು, ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ, ಮುಂದಿನ ವರ್ಷ ಶಸ್ತ್ರಚಿಕಿತ್ಸೆ ಅಂತ ಡಾಕ್ಟರು ಹೇಳಿದ್ದಾರೆ ಎಂದರು. ಅದಕ್ಕೂ ಈ 82 ಸೆಂಟಿಮೀಟರ್ ಬೇಕು. ಒಳಗೆ ಕೂರಿಸುವ ಕೃತಕ ಮಸೂರದ ಪವರನ್ನು ಮೊದಲೇ ನಿಶ್ಚಯಿಸುತ್ತಾರೆ. ಒಂದು ಕಣ್ಣಿಗೆ ದೂರ, ಇನ್ನೊಂದಕ್ಕೆ ಹತ್ತಿರ ಅಂತ ಹಂಚುವುದೂ ಉಂಟು. ಬಿಲ್ಲು ಹಿಡಿಯುವುದು ಬಲಗಣ್ಣಿನಿಂದ ಅಂತ ಹೇಳದಿದ್ದರೆ ಬಲಗಣ್ಣು ಓದುವ ದೂರಕ್ಕೆ ನಿಂತರೂ ನಿಲ್ಲಬಹುದು. ಪೊರೆ ಬೆಳೆಯುವಾಗ ಬಲಗಣ್ಣಿನ ಪ್ರಾಬಲ್ಯ ಎಡಕ್ಕೆ ಜಾರುವುದೂ ಇದೆ. ಎರಡು ಅಂಗೈ ಜೋಡಿಸಿ ನಡುವೆ ಸಣ್ಣ ಸಂದು ಬಿಟ್ಟು ದೂರದ ಗೂಟವೊಂದನ್ನು ನೋಡುತ್ತ ಕಣ್ಣು ಒಂದೊಂದಾಗಿ ಮುಚ್ಚಿದರೆ ಯಾವ ಕಣ್ಣು ಯಜಮಾನ ಅಂತ ತಿಳಿಯುತ್ತದೆ. ಯಾವ ಕಣ್ಣು, ಪಿನ್ನು ಎಷ್ಟು ದೂರ, ಗುರಿ ಎಷ್ಟು ದೂರ, ಯಾವ ಹೊತ್ತಿನ ಬೆಳಕು, ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರಾಯರ ಜೇಬಿಗೆ ಹಾಕಿದೆ. ಡಾಕ್ಟರು ಮಸೂರದ ಅಳತೆ ತೆಗೆಯುವ ದಿನ ಅದನ್ನು ಅವರ ಕೈಗೇ ಕೊಡಬೇಕು.