ಇಕ್ಕಳ ಹಿಡಿದವರ ಊಟ

ಎರಡು ವಾರದ ಹಿಂದೆ, ಒಂದು ಮಂಗಳವಾರ ಸಂಜೆ, ದಕ್ಷಿಣ ಕೊರಿಯಾದ ಸುವೊನ್‌ನ ನಮ್ಮದೇ ಬೀದಿಯ ಹೋಟೆಲೊಂದರಲ್ಲಿ ನನಗೆ ಊಟ ಇಲ್ಲ ಎಂದರು. ಜಾಗ ಇಲ್ಲ ಅಂತಲ್ಲ. ಹತ್ತು ಟೇಬಲ್‌ನಲ್ಲಿ ಏಳು ಖಾಲಿ ಇದ್ದವು. ನಾನು ಒಬ್ಬಳೇ ಬಂದಿದ್ದೆ, ಅಷ್ಟೇ ಕಾರಣ.

ಮಗಳು ಸ್ಕೂಲಿನವರ ಜೊತೆ ಎರಡು ದಿನದ ಕ್ಯಾಂಪಿಗೆ ಹೋಗಿದ್ದಳು. ನಮ್ಮವರದ್ದು ಸೆಕೆಂಡ್ ಶಿಫ್ಟ್. ಒಬ್ಬಳಿಗೋಸ್ಕರ ಅಡುಗೆ ಮಾಡೋಕೆ ಮನಸ್ಸಾಗಲಿಲ್ಲ. ಬಸ್ ಇಳಿದು ಬರುವಾಗ ಕೆಂಡದ ಮೇಲೆ ಮಾಂಸ ಸುಡುವ ವಾಸನೆ ಬಂತು. ಇವತ್ತು ನನಗಾಗಿ ನಾನೇ ಹೋಗಿ ತಿಂತೀನಿ ಅನ್ನಿಸಿತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಹಾಗನ್ನಿಸಿದ್ದು ಬಹುಶಃ ಅದೇ ಮೊದಲು.

ಬಾಗಿಲು ತೆಗೆದ ಕೂಡಲೇ ಎಷ್ಟು ಜನ ಎಂದು ಕೇಳಿದರು. ಒಂದು ಬೆರಳು ತೋರಿಸಿದೆ. ಆ ಹೆಂಗಸು ಎರಡೂ ಕೈ ಅಡ್ಡ ಇಟ್ಟು ತಲೆ ಆಡಿಸಿದರು. ಒಬ್ಬರಿಗೆ ಆಗಲ್ಲ. ಮಾತಿನಲ್ಲಿ ಒರಟುತನ ಏನೂ ಇರಲಿಲ್ಲ. ಆದರೂ ಮುಖ ಬಿಸಿಯಾಯಿತು. ಪಕ್ಕದ ಬೀದಿಯ ಇನ್ನೊಂದು ಕಡೆ ಒಳಗೆ ಬಿಟ್ಟರು, ಆದರೆ ಕಡಿಮೆ ಅಂದರೆ ಇಬ್ಬರದ್ದು ಆರ್ಡರ್ ಮಾಡಬೇಕು ಎಂದರು. ಇಲ್ಲಿ ಒಬ್ಬರ ಪಾಲಿಗೆ ‘ಇಂಬುನ್’ ಎನ್ನುತ್ತಾರೆ. ಅಲ್ಲಿ ಒಂದು ಇಂಬುನ್ ಅಂದರೆ 180 ಗ್ರಾಂ, 17,000 ವೊನ್. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಯ ಮೇಲೆ. ಒಬ್ಬಳೇ ಕೂತು 360 ಗ್ರಾಂ ಹಂದಿಮಾಂಸ ಹೇಗೆ ತಿನ್ನಲಿ? ಎದ್ದು ಬಂದೆ. ಮೂಲೆಯ ಅಂಗಡಿಯಲ್ಲಿ ತ್ರಿಕೋನದ ಕಿಂಬಾಪ್, ಅಂದರೆ ಕಡಲಕಳೆಯ ಹಾಳೆ ಸುತ್ತಿದ ಅನ್ನದ ಉಂಡೆ, ತಗೊಂಡು, ಗಾಜಿನ ಪಕ್ಕ ನಿಂತು ತಿಂದೆ.

ಅವರ ಕಷ್ಟವೂ ಗೊತ್ತು. ಇಂಥ ಹೋಟೆಲುಗಳಲ್ಲಿ ಟೇಬಲ್ಲಿನ ನಡುವೆಯೇ ಕೆಂಡ ಇಟ್ಟು, ಜಾಲರಿಯ ಮೇಲೆ ಅಲ್ಲೇ ಮಾಂಸ ಸುಡುವುದು. ಒಬ್ಬರು ಬಂದರೂ ನಾಲ್ಕು ಜನ ಬಂದರೂ ಕೆಂಡ ಅಷ್ಟೇ ಬೇಕು, ಜಾಲರಿ ಅಷ್ಟೇ ತೊಳೀಬೇಕು. ಕಿಮ್ಚಿ, ಸೊಪ್ಪು, ಮೊಳಕೆಕಾಳು ಅಂತ ಐದಾರು ‘ಬಾನ್‌ಚಾನ್’ ತಟ್ಟೆಗಳು ದುಡ್ಡಿಲ್ಲದೆ ಬರುತ್ತವೆ, ಕೇಳಿದರೆ ಮತ್ತೆ ಹಾಕುತ್ತಾರೆ. ಒಬ್ಬರಿಂದ ಅವರಿಗೆ ಏನೂ ಗಿಟ್ಟುವುದಿಲ್ಲ. ಆದರೆ ಇದೇ ದೇಶದಲ್ಲಿ 2023ರ ಲೆಕ್ಕಕ್ಕೆ ನೂರರಲ್ಲಿ 35 ಮನೆಗಳು ಒಬ್ಬೊಬ್ಬರೇ ಇರುವ ಮನೆಗಳು. ಒಬ್ಬರೇ ಉಣ್ಣುವುದಕ್ಕೆ ‘ಹೊನ್‌ಬಾಪ್’ ಅಂತ ಒಂದು ಪದವೇ ಹುಟ್ಟಿದೆ. ನೂಡಲ್ಸ್ ಅಂಗಡಿಗಳಲ್ಲಿ ಒಬ್ಬರಿಗಂತ ಗೋಡೆಯ ಕಡೆ ಸೀಟು ಇರುತ್ತೆ. ಕೆಂಡದ ಟೇಬಲ್ ಮಾತ್ರ ಇನ್ನೂ ಗುಂಪಿನದ್ದೇ.

ನಮ್ಮೂರಲ್ಲಾಗಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ಆ ರಾತ್ರಿ ಹತ್ತು ಸಲ ಅಂದುಕೊಂಡೆ. ದರ್ಶಿನಿಯಲ್ಲಿ ಎಷ್ಟು ಜನ ಅಂತ ಯಾರಾದರೂ ಕೇಳುತ್ತಾರಾ? ಟೋಕನ್ ತಗೊಂಡರೆ ಮುಗೀತು. ಆಮೇಲೆ ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರದ ಮಿಲಿಟರಿ ಹೋಟೆಲ್ ನೆನಪಾಯಿತು. ಅಲ್ಲಿ ನನ್ನನ್ನು ಯಾರೂ ಬೇಡ ಅನ್ನುತ್ತಿರಲಿಲ್ಲ, ನಿಜ. ಆದರೆ ಅಲ್ಲಿಗೆ ನಾನು ಒಬ್ಬಳೇ ಹೋಗುತ್ತಲೂ ಇರಲಿಲ್ಲ. ನಾನಷ್ಟೇ ಅಲ್ಲ, ನಮ್ಮ ಮನೆಯ ಯಾವ ಹೆಂಗಸೂ ಹೋದವಳಲ್ಲ. ಅಪ್ಪ ಪಾರ್ಸೆಲ್ ತರುತ್ತಿದ್ದರು. ನಾವು ಮನೆಯಲ್ಲಿ ತಿನ್ನುತ್ತಿದ್ದೆವು.

ವಿಷಯ ಕೇಳಿ ನಮ್ಮವರಿಗೆ ಬೇಜಾರಾಯಿತು. “ಶನಿವಾರ ಮೂವರೂ ಹೋಗೋಣ, ಒಳ್ಳೆ ಕಡೆಗೇ ಹೋಗೋಣ” ಎಂದರು. ಸುವೊನ್ ಅಂದರೆ ಇಲ್ಲಿ ಎಲ್ಲರಿಗೂ ಗಾಲ್ಬಿಯ ಊರು. ಹಿಂದೆ ಇಲ್ಲಿ ದೊಡ್ಡ ದನದ ಸಂತೆ ನಡೆಯುತ್ತಿತ್ತು. ಹಾಗಾಗಿ ಪಕ್ಕೆಲುಬಿನ ಮಾಂಸ ಈ ಊರಿನ ಹೆಸರಿಗೇ ಅಂಟಿಕೊಂಡಿದೆ. ನಾವು ದನದ ಮಾಂಸ ತಿನ್ನುವುದಿಲ್ಲ. ನಮ್ಮದು ಯಾವಾಗಲೂ ಸಮ್‌ಗ್ಯೊಪ್‌ಸಾಲ್, ಅಂದರೆ ಹಂದಿಯ ಹೊಟ್ಟೆ ಭಾಗ. ಹೆಸರಿನ ಅರ್ಥವೇ ಮೂರು ಪದರದ ಮಾಂಸ ಅಂತ. ಹಂದಿ ಸಾರು ಉಂಡು ಬೆಳೆದ ಮಲೆನಾಡಿನವರಿಗೆ ಅದು ಮೊದಲ ದಿನದಿಂದಲೇ ಹಿಡಿಸಿತ್ತು.

ಆ ಶನಿವಾರ ಬಂದ ತಟ್ಟೆಯಲ್ಲಿ ಮೂರು ಪದರ ಇರಲಿಲ್ಲ. ಮೇಲಿನ ಎರಡು ತುಂಡು ಚೆನ್ನಾಗಿದ್ದವು. ಅಡಿಯಲ್ಲಿದ್ದವು ಬರೀ ಬಿಳಿ. ಕೆಂಪು ಗೆರೆ ಬೆರಳಿನಷ್ಟೂ ಇಲ್ಲ. 2024ರಲ್ಲಿ ಜೇಜು ದ್ವೀಪದ ಒಂದು ಹೋಟೆಲಿನಲ್ಲಿ ಹೀಗೇ ಬರೀ ಕೊಬ್ಬು ಕೊಟ್ಟರು ಅಂತ ಫೋಟೋ ಹರಿದಾಡಿ, ಇಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಪ್ಯಾಕೆಟ್ಟಿನಲ್ಲಿ ಮಾರುವ ಸಮ್‌ಗ್ಯೊಪ್‌ಸಾಲ್‌ನಲ್ಲಿ ಕೊಬ್ಬಿನ ಪದರ 1 ಸೆಂಟಿಮೀಟರ್ ಒಳಗಿರಲಿ ಅಂತ ಕೃಷಿ ಸಚಿವಾಲಯದ ಮಾರ್ಗಸೂಚಿಯೇ ಇದೆ. ಹೋಟೆಲಿನ ತಟ್ಟೆಯಲ್ಲಿ ಅಳೆಯುವವರು ಯಾರು? ನಮ್ಮವರು ಮೆಲ್ಲಗೆ ಕೇಳಿದರು. ಇದು ಹೀಗೇ ಬರೋದು ಎಂದು ಹೇಳಿ ಹುಡುಗ ಮುಂದಿನ ಟೇಬಲ್ಲಿಗೆ ಹೋದ. ನಮ್ಮ ಕೊರಿಯನ್ ಜಗಳಕ್ಕೆ ಸಾಲುವಷ್ಟು ಇಲ್ಲ. ಸುಮ್ಮನಾದೆವು.

ಕೊಬ್ಬು ಕರಗಿ ಕೆಂಡಕ್ಕೆ ಬಿದ್ದು ಬೆಂಕಿ ಏಳುತ್ತಿತ್ತು. ತುಂಡುಗಳು ಹೊರಗೆ ಕಪ್ಪು, ಒಳಗೆ ಹಸಿ. ಜಾಲರಿ ಬದಲಿಸಿ ಅಂತ ಎರಡು ಸಲ ಗಂಟೆ ಒತ್ತಿದೆ, ಯಾರೂ ಬರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಬೇಗ ಏಳಲಿ ಅಂತಲೋ ಏನೋ, ಅರ್ಧ ತುಂಬಿದ್ದ ಬಾನ್‌ಚಾನ್ ತಟ್ಟೆಗಳನ್ನೇ ಎತ್ತಿಕೊಂಡು ಹೋದರು. ದುಡ್ಡು ಕೊಟ್ಟು ಉಣ್ಣಲು ಕೂತವರ ಮುಂದಿನ ತಟ್ಟೆ ಎತ್ತುವುದು ಯಾವ ಊರಲ್ಲಾದರೂ ತಪ್ಪು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ಇಷ್ಟರ ನಡುವೆ ಇಕ್ಕಳ ಮತ್ತು ಕತ್ತರಿ ನನ್ನ ಕೈಯಲ್ಲಿದ್ದವು. ಇಲ್ಲಿ ಮಾಂಸವನ್ನು ಕತ್ತರಿಯಲ್ಲೇ ಕತ್ತರಿಸುತ್ತಾರೆ, ನಿಮಗೆ ಗೊತ್ತಿರಬಹುದು. ಕೆಲವು ಕಡೆ ಹೋಟೆಲಿನವರೇ ಸುಟ್ಟು ಕೊಡುತ್ತಾರೆ. ಇಲ್ಲದಿದ್ದರೆ ಟೇಬಲ್ಲಿನಲ್ಲಿ ಯಾರೋ ಒಬ್ಬರು ಇಕ್ಕಳ ಹಿಡಿಯಬೇಕು. ಆಫೀಸಿನ ಊಟಗಳಲ್ಲಿ ಸಾಮಾನ್ಯವಾಗಿ ಚಿಕ್ಕವರು ಹಿಡಿಯುತ್ತಾರಂತೆ. ನಮ್ಮ ಟೇಬಲ್ಲಿನಲ್ಲಿ ಯಾರು ಹಿಡಿಯಬೇಕು ಅಂತ ಮಾತೇ ಆಗಿರಲಿಲ್ಲ. ತಟ್ಟೆ ಬಂದಾಗ ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ತಿರುವಿ ಹಾಕು, ಕತ್ತರಿಸು, ಬೆಂದದ್ದನ್ನು ಅವಳ ಕಡೆ ತಳ್ಳು, ಇವರ ಕಡೆ ತಳ್ಳು. ಪಕ್ಕದ ಟೇಬಲ್ಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇಕ್ಕಳ ಹಿಡಿದಿದ್ದರು. ಎದುರಿಗೆ ಅವರ ಹೆಂಡತಿ. ಅಜ್ಜ ಒಂದೊಂದೇ ತುಂಡು ಸುಟ್ಟು ಅಜ್ಜಿಯ ತಟ್ಟೆಗೆ ಹಾಕುತ್ತಿದ್ದರು.

ಮಗಳು ಚಾಪ್‌ಸ್ಟಿಕ್ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಮ್ಮಾ, ಮೊನ್ನೆ ಒಬ್ಳೇ ಇದೀಯ ಅಂತ ನಿಂಗೆ ಊಟ ಕೊಡ್ಲಿಲ್ಲ. ಇವತ್ತು ಮೂರು ಜನ ಇದೀವಿ. ಇವತ್ತೂ ನೀನು ತಿಂದಿಲ್ಲ.”

ಹನ್ನೊಂದು ವರ್ಷದ ಹುಡುಗಿ. ಕಂಪ್ಲೇಂಟ್ ಮಾಡುವ ಧ್ವನಿಯೂ ಅಲ್ಲ. ಕಂಡದ್ದನ್ನು ಹೇಳಿದಳು. ನನ್ನ ತಟ್ಟೆ ನೋಡಿಕೊಂಡೆ. ಒಂದು ಬೆಳ್ಳುಳ್ಳಿ ಎಸಳು, ಒಂದು ಸುಟ್ಟು ಕರಕಲಾದ ತುಂಡು. ನಮ್ಮವರು ಅಯ್ಯೋ ಎಂದು ಇಕ್ಕಳಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಅವಳು ಲೆಟಿಸ್ ಎಲೆಯ ಮೇಲೆ ಮಾಂಸ, ಸಾಮ್‌ಜಾಂಗ್ ಅನ್ನುವ ಖಾರದ ಪೇಸ್ಟ್, ಕಿಮ್ಚಿ ಎಲ್ಲ ಇಟ್ಟು ಮಡಚಿ ನನ್ನ ಬಾಯಿಗೆ ತುರುಕಿದಳು. ಅದನ್ನು ಅರ್ಧ ಕಚ್ಚುವ ಹಾಗಿಲ್ಲ, ಒಂದೇ ತುತ್ತು. ಬಾಯಿ ತುಂಬಿ ಕಣ್ಣಲ್ಲಿ ನೀರು ಬಂತು. ಹೊಗೆ ಅಂತ ಅವಳಿಗೆ ಕೈಸನ್ನೆ ಮಾಡಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ನಮ್ಮನೆಯ ಒಲೆ.

ಬೆಳಿಗ್ಗೆ ಅಕ್ಕಿ ರೊಟ್ಟಿ. ಅಮ್ಮ ಹಿಟ್ಟು ಬೇಯಿಸಿ, ನಾದಿ, ತಟ್ಟಿ ಕಾವಲಿಗೆ ಹಾಕುತ್ತಿದ್ದಳು. ಎರಡೂ ಕಡೆ ಬಾಡಿದ ಮೇಲೆ ಒಲೆಯಿಂದ ಕೆಂಡ ಮುಂದಕ್ಕೆಳೆದು ಅದರ ಮೇಲೆ ಇಡುತ್ತಿದ್ದಳು. ರೊಟ್ಟಿ ಉಬ್ಬುತ್ತಿತ್ತು. ಉಬ್ಬಿದ್ದು ಅಪ್ಪನಿಗೆ. ಮುಂದಿನದು ಚಿಕ್ಕಪ್ಪನಿಗೆ. ಆಮೇಲೆ ಅಣ್ಣಂದಿರು, ನಾನು, ಅಜ್ಜಿ. “ಬಿಸಿ ಇದ್ದಾಗ್ಲೇ ತಿನ್ನಿ, ಆರಿದ್ರೆ ಚೆನ್ನಾಗಿರಲ್ಲ” ಎಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ಹಂದಿ ಸಾರು ಮಾಡಿದ ಭಾನುವಾರವಂತೂ ಯಾರು ಎಷ್ಟು ರೊಟ್ಟಿ ತಿಂದರು ಅಂತ ಲೆಕ್ಕವೇ ಇರುತ್ತಿರಲಿಲ್ಲ. ಕೊನೆಗೆ ಅಂಚು ಒಡೆದದ್ದು, ಉಬ್ಬದೆ ಹೋದದ್ದು ಉಳಿಯುತ್ತಿತ್ತು. ಅಮ್ಮ ಅದನ್ನು ಸಾರಿನ ಪಾತ್ರೆಯ ತಳಕ್ಕೆ ಒರೆಸಿ ತಿನ್ನುತ್ತಿದ್ದಳು. “ನಂಗೆ ತಳದ ಸಾರೇ ರುಚಿ” ಎನ್ನುತ್ತಿದ್ದಳು. ಏಳು ಜನ ಇದ್ದ ಮನೆಯಲ್ಲಿ ಆ ಮಾತನ್ನು ಉಳಿದ ಆರೂ ಜನ ನಂಬಿದ್ದೆವು.

ಆರಿದರೆ ಚೆನ್ನಾಗಿರಲ್ಲ ಅಂತ ದಿನಾ ಹೇಳುತ್ತಿದ್ದವಳು ದಿನಾ ಆರಿದ್ದನ್ನೇ ತಿಂದಳು. ನೀನು ಯಾವಾಗ ತಿಂತೀಯಾ ಅಂತ ನಾನು ಒಂದು ದಿನ ಕೇಳಿದ ನೆನಪಿಲ್ಲ. ಹತ್ತನೇ ಕ್ಲಾಸಿನಲ್ಲಿ ರ‍್ಯಾಂಕ್ ಬಂದ ಹುಡುಗಿ ನಾನು, ಬುದ್ಧಿವಂತೆ ಅಂತ ಊರೆಲ್ಲ ಹೇಳುತ್ತಿತ್ತು. ಕಣ್ಣೆದುರು ಇದ್ದದ್ದು ಕಾಣಲಿಲ್ಲ. ನನ್ನ ಮಗಳಿಗೆ ಅದು ಒಂದೇ ಊಟದಲ್ಲಿ ಕಂಡಿತು. ಇಲ್ಲಿನ ಸ್ಕೂಲಿನಲ್ಲಿ ಟೀಚರ್ ಮಕ್ಕಳು ಎಲ್ಲರೂ ಮಧ್ಯಾಹ್ನ ಒಂದೇ ಹೊತ್ತಿಗೆ, ಒಂದೇ ಊಟ ಮಾಡುತ್ತಾರೆ. ಅದರಿಂದಲೋ, ಅವಳ ಸ್ವಭಾವವೇ ಹಾಗೋ, ಗೊತ್ತಿಲ್ಲ.

ಮರುದಿನ ಭಾನುವಾರ. ಇಲ್ಲಿ ಹನ್ನೆರಡು ಗಂಟೆ ಅಂದರೆ ಊರಲ್ಲಿ ಎಂಟೂವರೆ. ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನಿಂದ ಅಣ್ಣನ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

“ತಿಂಡಿ ಆಯ್ತಾ ಅಮ್ಮಾ?”

“ಆಯ್ತು ಪುಟ್ಟಿ. ಎಲ್ರದ್ದೂ ಆಯ್ತು.”

“ನಿಂದು?”

ಒಂದು ಕ್ಷಣ ಸುಮ್ಮನಿದ್ದಳು. ಅವಳಿಗೆ ಈ ಪ್ರಶ್ನೆ ಹೊಸದು.

“ನಂದೇನು ಅವಸರ. ಒಂದು ಉಂಡೆ ಹಿಟ್ಟು ಉಳಿದಿದೆ. ಆಮೇಲೆ ಹಾಕ್ಕೊಂಡ್ರಾಯ್ತು.”

“ಈಗ್ಲೇ ಹಾಕ್ಕೋ. ಉಬ್ಬಿಸಿ, ಬಿಸಿದೇ ತಿನ್ನು. ನಾನು ಫೋನ್ ಇಡಲ್ಲ.”

“ಏನಾಗಿದೆ ನಿಂಗೆ? ದುಡ್ಡು ದಂಡ ಅಲ್ವಾ” ಎಂದಳು. ಇದು ವಾಟ್ಸಾಪ್ ಕಾಲ್, ದುಡ್ಡಿಲ್ಲ ಎಂದೆ. ಫೋನನ್ನು ಸ್ಪೀಕರ್‌ಗೆ ಹಾಕಿ ಎಲ್ಲೋ ಡಬ್ಬಿಗೆ ಒರಗಿಸಿ ಇಟ್ಟಳು ಅಂತ ಕಾಣುತ್ತೆ. ಗ್ಯಾಸ್ ಹಚ್ಚಿದ ಸದ್ದು ಕೇಳಿಸಿತು. ಆಮೇಲೆ ಹಿಟ್ಟು ತಟ್ಟುವ ಸದ್ದು, ಬಳೆಯ ಸದ್ದು. ಮಗಳು ಬಂದು ನನ್ನ ಪಕ್ಕ ಕೂತಳು. ಇಬ್ಬರೂ ಕೇಳಿಸಿಕೊಳ್ಳುತ್ತಾ ಕೂತೆವು.