“ಇಷ್ಟೆಲ್ಲ ನೋಡೀರಿ, ಈಗ ರೂಢಿ ಆಗಿರಬೇಕಲ್ರೀ?”

ಕಲಬುರಗಿ ಜಿಲ್ಲೆಯ ಅಗ್ನಿಶಾಮಕ ಸೇವೆಯಲ್ಲಿದ್ದು ನಿವೃತ್ತನಾದ ನನ್ನನ್ನು, ಮದುವೆಮನೆಯಲ್ಲಾಗಲಿ ಚಹಾದಂಗಡಿಯಲ್ಲಾಗಲಿ, ಜನ ಕೇಳುವ ಪ್ರಶ್ನೆ ಇದು. ಕೆಲಸವೇನೋ ರೂಢಿಯಾಗುತ್ತದೆ, ಗಂಟೆ ಬಾರಿಸಿದೊಡನೆ ಬೂಟು ಏರಿಸುವುದು, ಹೋಸ್ ಪೈಪ್ ಬಿಚ್ಚುವುದು ಎಲ್ಲವೂ ಯೋಚಿಸದೆಯೇ ನಡೆಯುತ್ತವೆ. ಕಣ್ಣಾರೆ ಕಂಡದ್ದು ರೂಢಿಯಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮ್ಮ ಕೆಲಸವೆಂದರೆ ಬೆಂಕಿ ಎಂದೇ ಬಹಳ ಜನ ತಿಳಿದಿದ್ದಾರೆ. ಬಿಸಿಲು 43–44 ಡಿಗ್ರಿ ಮುಟ್ಟುವ ದಿನಗಳಲ್ಲಿ ಕಣಕಿಯ ಬಣವೆ ಹೊತ್ತಿಕೊಂಡರೆ ಮೈ ದಣಿಯುತ್ತದೆ ನಿಜ, ಆದರೆ ಉಂಡು ಮಲಗಿದರೆ ಆ ದಣಿವು ತೀರುತ್ತದೆ. ನನ್ನನ್ನು ಕಾಡಿದ್ದು ಬಾವಿಯ ಕರೆಗಳು. ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯನ್ನು ಇಳಿಬಿಟ್ಟು, ಹಗ್ಗ ಒಮ್ಮೆಲೇ ಬಿಗಿಯಾದಾಗ, ಸುತ್ತ ನೆರೆದವರ ಮಾತೆಲ್ಲ ನಿಂತುಹೋಗುತ್ತದೆ. ಅಂಥ ಹೊತ್ತಿನಲ್ಲಿ ತಾಯಿಯೊಬ್ಬಳು ನನ್ನ ತೋಳು ಹಿಡಿದು, “ಯಪ್ಪಾ, ಜೀವ ಅದ ಏನೋ?” ಎಂದು ಕೇಳಿದ್ದಳು. ಹುಡುಗ ಬಿದ್ದು ಆರು ತಾಸು ಕಳೆದಿದ್ದವು. ಗೊತ್ತಿದ್ದೂ “ನೋಡ್ತೀವಿ ಯವ್ವಾ” ಎಂದೆ. ಅಂದಿನಿಂದ ಒದ್ದೆ ಹಗ್ಗದ ವಾಸನೆ ಮೂಗಿಗೆ ಬಡಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವಾದರೂ ಅಷ್ಟೇ.

ಪದೇ ಪದೇ ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯ ಐದನೆಯ ಆವೃತ್ತಿಯು, ಇಂಥ ಭೀಕರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದನ್ನೇ ಆಘಾತೋತ್ತರ ಒತ್ತಡದ ಕಾಯಿಲೆಗೆ ದಾರಿಯಾಗಬಲ್ಲ ಅನುಭವಗಳಲ್ಲಿ ಒಂದೆಂದು ಹೇಳುತ್ತದೆ. ಅದು ಕೊಡುವ ಉದಾಹರಣೆ, ಮೃತರ ಅವಶೇಷಗಳನ್ನು ಸಂಗ್ರಹಿಸುವ ತುರ್ತು ಸೇವಾ ಸಿಬ್ಬಂದಿ. ಇದನ್ನು ತಿಳಿದ ದಿನ ನನಗೆ ದೊಡ್ಡ ಸಮಾಧಾನವಾಯಿತು, ಏಕೆಂದರೆ ಅದುವರೆಗೆ ಇದನ್ನು ನನ್ನ ಪುಕ್ಕಲುತನವೆಂದೇ ಭಾವಿಸಿದ್ದೆ.

ಹಾಗಾದರೆ ಕರೆ ಮುಗಿದೊಡನೆ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಬಾಯಿಬಿಡಿಸಬೇಕೇ? ಬೇಡ. ಒಂದೇ ಬೈಠಕಿನಲ್ಲಿ ಹೀಗೆ ಬಲವಂತವಾಗಿ ಹೇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡವೆಂದಿದೆ. ಆ ರಾತ್ರಿ ಸ್ನಾನ, ಬಿಸಿ ಊಟ, ನಿದ್ದೆ, ಪಕ್ಕದಲ್ಲಿ ಒಬ್ಬ ಸಂಗಾತಿ ಇದ್ದರೆ ಸಾಕು. ಕರೆಗೆ ಹೋಗಿ ಬಂದವ ಮಾತಾಡಿದರೆ ಆ ಸಂಗಾತಿ ಕೇಳಬೇಕು, ಸುಮ್ಮನಿದ್ದರೆ ಸುಮ್ಮನಿರಬೇಕು. ಕುಡಿತ ಮಾತ್ರ ಬೇಡ. ಅದು ಮೊದಲು ಕೆಡಿಸುವುದೇ ನಿದ್ದೆಯನ್ನು.

ದುಃಸ್ವಪ್ನ, ಬೆಚ್ಚಿಬೀಳುವುದು, ಮಕ್ಕಳ ಮೇಲೆ ಸಿಡುಕುವುದು ತಿಂಗಳು ಮೀರಿಯೂ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ನಾನು ಹೋದದ್ದು ಹನ್ನೊಂದು ವರ್ಷ ತಡವಾಗಿ, ಅದೂ ಹೆಂಡತಿಯ ಒತ್ತಾಯಕ್ಕೆ. ಈಗ 2022ರಲ್ಲಿ ಆರಂಭವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆಯನ್ನು ಸಿಬ್ಬಂದಿಯೇ ಮಾಡಬೇಕೆಂದಿಲ್ಲ, ಮನೆಯವರು ಮಾಡಿದರೂ ನಡೆಯುತ್ತದೆ.