ದೊಡ್ಡಮ್ಮನ ಫೋನು 2015ಕ್ಕೆ ಹೋಗಿತ್ತು

ದೊಡ್ಡಮ್ಮನ ಫೋನ್ ಹಳೆಯದು. ಆಂಡ್ರಾಯ್ಡ್ 6. ಬೆಂಗಳೂರಿನಲ್ಲಿರುವ ಮಗ ತನಗೆ ಹೊಸದು ತಗೊಂಡಾಗ ಇದನ್ನು ಅಮ್ಮನಿಗೆ ಕೊಟ್ಟಿದ್ದ. ಪರದೆಯ ಕೆಳಗೆ ಒತ್ತುವ ಬಟನ್ ಇದೆ. ಎಲ್ಲಿ ಸಿಕ್ಕಿಹಾಕಿಕೊಂಡರೂ ಆ ಬಟನ್ ಒತ್ತಿದರೆ ಮೊದಲಿನ ಜಾಗಕ್ಕೆ ಬರಬಹುದು ಅನ್ನುವ ಧೈರ್ಯ ಅವರಿಗೆ. ಹೊಸ ಫೋನ್ ಕೊಡಿಸುತ್ತೇನೆ ಅಂತ ಮಗ ಎಷ್ಟು ಹೇಳಿದರೂ ಬೇಡ ಅಂದಿದ್ದಾರೆ. ಅವರ ಮಾತು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಕೈಗೆ ಒಗ್ಗಿದ್ದನ್ನು ಸುಮ್ನೆ ಯಾಕೆ ಬಿಡಬೇಕು?

ಆದರೆ ಕಳೆದ ಮಳೆಗಾಲದಲ್ಲಿ ಆ ಫೋನ್ ಹಟ ಹಿಡಿಯಿತು. ವಾಟ್ಸಾಪ್ ತೆರೆದರೆ ಇಂಗ್ಲಿಷಿನಲ್ಲಿ ಒಂದು ಸಂದೇಶ. ಒಂದು ಬಟನ್. ಒತ್ತಿದರೆ ಹೋಗುತ್ತಿತ್ತು, ಮತ್ತೆ ತೆರೆದರೆ ಅದೇ ಸಂದೇಶ. ತೀರ್ಥಹಳ್ಳಿ ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ ತೋರಿಸಿದ್ದರು. ಅವರು ಎಂತದೋ ಒತ್ತಿ ಸರಿಮಾಡಿ ಕೊಟ್ಟರು. ಸ್ವಲ್ಪ ದಿನಕ್ಕೆ ಮತ್ತೆ ಶುರು. ಎರಡನೇ ಸಲ ಹೋದಾಗ, "ಇದರ ಸಾಫ್ಟ್‌ವೇರ್ ಹೋಗಿದೆ, ಇನ್ನು ಬಿಸಾಡಿ" ಅಂದರಂತೆ.

ನಾನು ಶಿವಮೊಗ್ಗದಿಂದ ಹೋದದ್ದು ಆಷಾಢದ ಮಳೆ ಹೊಡೆಯುತ್ತಿದ್ದಾಗ. ಅವರ ಮನೆ ಮೇಗರವಳ್ಳಿಯಿಂದ ಒಳಗೆ. ಕರೆಂಟ್ ಹೋಗಿ ಎರಡನೇ ದಿನ ಅಂದರು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಯಾವತ್ತೂ ಇಲ್ಲ. ಫೈಬರ್ ಹಾಕಿಸಿದ್ದಾರೆ, ಕರೆಂಟ್ ಇದ್ದರೆ ವೈಫೈ ಬರುತ್ತದೆ. ಊಟ ಮುಗಿಯುವ ಹೊತ್ತಿಗೆ ಕರೆಂಟ್ ಬಂತು. ದೊಡ್ಡಮ್ಮ ಮೊದಲು ಮಾಡಿದ ಕೆಲಸ ಅಂದರೆ ಫೋನ್ ಚಾರ್ಜಿಗೆ ಹಾಕಿದ್ದು.

"ನೋಡು ಮಾರಾಯ್ತಿ, ಈಗ ಆನ್ ಆಗ್ತದೆ, ಆಗಿದ್ದೇ ಬೈಯ್ಲಿಕ್ಕೆ ಶುರು ಮಾಡ್ತದೆ" ಅಂದರು.

ಹಾಗೇ ಆಯಿತು. ಓದಿದೆ. ನಿಮ್ಮ ಫೋನಿನ ದಿನಾಂಕ ತಪ್ಪಿದೆ, ಗಡಿಯಾರ ಸರಿಮಾಡಿ ಮತ್ತೆ ಪ್ರಯತ್ನಿಸಿ. ಅಷ್ಟೇ ಇದ್ದದ್ದು. ವೈರಸ್ ಅಲ್ಲ, ಬೈಗುಳವೂ ಅಲ್ಲ. ಪರದೆಯ ಮೇಲೆ 2015ರ ಜನವರಿ 1 ಅಂತ ಇತ್ತು.

ದೊಡ್ಡಮ್ಮ ಇನ್ನೊಂದು ದೂರು ಹೇಳಿದರು. "ಕೊಳೆ ಬಂದ ಅಡಿಕೆ ಕೊನೆದು ಫೋಟೊ ತೆಗ್ದಿದ್ದೆ, ಎಲ್ಲ ಮಾಯ ಆಗ್ಯದೆ." ತೋಟದಲ್ಲಿ ಅಡಿಕೆಗೆ ಕೊಳೆ ರೋಗ ಕಾಣಿಸಿಕೊಂಡಿತ್ತು. ಒಂದು ಸಲ ಕೊಳೆ ತಡೆಯುವ ಬೋರ್ಡೋ ಔಷಧ ಹೊಡೆಸಿದ್ದರೂ ಮಳೆ ಬಿಡದೆ ಹೊಯ್ದು ಎರಡನೇ ಸಲ ಹೊಡೆಯಲು ಬಿಡುವೇ ಸಿಕ್ಕಿರಲಿಲ್ಲ. ತೋಟಗಾರಿಕೆಯವರಿಗೆ ತೋರಿಸಬೇಕು ಅಂತ ಫೋಟೊ ತೆಗೆದಿಟ್ಟಿದ್ದರು. ಗ್ಯಾಲರಿಯಲ್ಲಿ ಕೆಳಗೆ ಕೆಳಗೆ ಹೋದೆ. ಮೊಮ್ಮಗಳ ನಾಮಕರಣ, ಅದಕ್ಕೂ ಹಿಂದಿನ ಗೃಹಪ್ರವೇಶ ಎಲ್ಲ ದಾಟಿ ತೀರಾ ತಳದಲ್ಲಿ 2015 ಅಂತ ಒಂದು ಸಾಲು. ಅಲ್ಲಿ ಕೂತಿದ್ದವು, ಮೊನ್ನೆ ಮೊನ್ನೆಯ ಕೊಳೆ ಅಡಿಕೆಯ ಫೋಟೊಗಳು. ಯಾವುದೂ ಹೋಗಿರಲಿಲ್ಲ.

ಹಾಗಾದರೆ ದಿನಾಂಕ ಪದೇ ಪದೇ ಹಿಂದೆ ಹೋಗುವುದು ಯಾಕೆ? ನನಗೆ ಬೇಕಿದ್ದದ್ದು ಅದು. ಒಂದು ಸಲ ತಿದ್ದಿ ಕೊಟ್ಟು ಬರುವುದು ದೊಡ್ಡ ಕೆಲಸವಲ್ಲ, ಅಂಗಡಿಯವರೂ ಅಷ್ಟು ಮಾಡಿದ್ದರು.

ಫೋನ್ ಆಫ್ ಆಗಿದ್ದರೂ ಒಳಗಿನ ಗಡಿಯಾರ ಓಡುತ್ತಿರುತ್ತದೆ. ಅದಕ್ಕೆ ಬೇಕಾದ ಚೂರು ಕರೆಂಟ್ ಬ್ಯಾಟರಿಯಿಂದಲೇ ಹೋಗಬೇಕು. ಬ್ಯಾಟರಿ ಪೂರ್ತಿ ಸತ್ತರೆ ಸ್ವಲ್ಪ ಹೊತ್ತು ತಡೆದುಕೊಂಡು ಆಮೇಲೆ ಗಡಿಯಾರವೂ ನಿಲ್ಲುತ್ತದೆ. ಮತ್ತೆ ಆನ್ ಮಾಡಿದಾಗ ಫೋನ್ ತಯಾರಿಸಿದವರು ಇಟ್ಟಿರುವ ಮೊದಲ ದಿನಾಂಕಕ್ಕೆ ಹೋಗಿ ಕೂರುತ್ತದೆ. ಕೆಲವು ಫೋನುಗಳಲ್ಲಿ ಅದು 1970ರ ಜನವರಿ 1, ಇದರಲ್ಲಿ 2015. ಸಾಮಾನ್ಯವಾಗಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಟವರ್ ಸಿಕ್ಕಿದ ಕೂಡಲೇ ಫೋನ್ ಅಲ್ಲಿಂದ ಸರಿಯಾದ ಸಮಯ ತಗೊಳ್ಳುತ್ತದೆ. ಟವರ್ ಇಲ್ಲದಿದ್ದರೆ ಇಂಟರ್ನೆಟ್‌ನಿಂದ.

ದೊಡ್ಡಮ್ಮನ ಮನೆಯಲ್ಲಿ ಟವರ್ ಇಲ್ಲ, ಸರಿ. ವೈಫೈ ಇದೆಯಲ್ಲ? ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯ ತೆರೆದೆ. ತಾನಾಗಿಯೇ ಸಮಯ ತಗೊಳ್ಳುವ ಆಯ್ಕೆ ಆಫ್ ಆಗಿತ್ತು. ಎಲ್ಲ ಅಲ್ಲೇ ಗೊತ್ತಾಯಿತು. ಕೈಯಿಂದ ದಿನಾಂಕ ತಿದ್ದಬೇಕಾದರೆ ಮೊದಲು ಅದನ್ನು ಆಫ್ ಮಾಡಲೇಬೇಕು. ಅಂಗಡಿಯಲ್ಲಿ ಆಫ್ ಮಾಡಿ, ತಿದ್ದಿ, ಹಾಗೇ ಬಿಟ್ಟಿದ್ದರು. ಅವತ್ತಿನ ಮಟ್ಟಿಗೆ ಸರಿಯಾಯಿತು. ಕರೆಂಟ್ ಹೋಗಿ ಫೋನ್ ಸತ್ತಾಗಲೆಲ್ಲ ದಿನಾಂಕ 2015ಕ್ಕೆ ಹೋಯಿತು, ಅದನ್ನು ವಾಪಸ್ ತರಲು ಫೋನಿಗೆ ದಾರಿಯೇ ಇರಲಿಲ್ಲ. ಬಿಸಾಡಿ ಅನ್ನುವುದಕ್ಕೆ ಮುಂಚೆ ಒಂದು ನಿಮಿಷ ಆ ಸಂದೇಶ ಓದಬಹುದಿತ್ತಲ್ಲ ಅಂತ ನನಗೆ ನಿಜಕ್ಕೂ ಬೇಸರವಾಯಿತು. ವಯಸ್ಸಾದವರು ಹಳೆ ಫೋನ್ ಹಿಡಿದು ಬಂದರೆ ಎಷ್ಟೋ ಕಡೆ ಇದೇ ಉತ್ತರ.

ಆಯ್ಕೆ ಆನ್ ಮಾಡಿದೆ. ವೈಫೈ ಇತ್ತು, ಕ್ಷಣದಲ್ಲಿ ದಿನಾಂಕ ಇವತ್ತಿಗೆ ಬಂತು. ವಾಟ್ಸಾಪ್ ತೆರೆಯಿತು. ತಡೆದು ನಿಂತಿದ್ದ ಸಂದೇಶಗಳೆಲ್ಲ ಟಿಣ್ ಟಿಣ್ ಅಂತ ಬಂದವು. ದೊಡ್ಡಮ್ಮ ಮೊದಲು ತೆರೆದದ್ದು ಅಡಿಕೆ ರೇಟಿನ ಗುಂಪು. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಎಲ್ಲ ಬಗೆಗಳ ಧಾರಣೆ ದಿನಾ ಅದರಲ್ಲಿ ಬರುತ್ತದೆ.

ಇನ್ನು ಬ್ಯಾಟರಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ, ಫೋನ್ ಇಷ್ಟು ಬೇಗ ಯಾಕೆ ಸಾಯಬೇಕು? ಹಿಂದಿನ ಮುಚ್ಚಳ ಉಗುರಿನಿಂದ ಎಬ್ಬಿಸಿದೆ. ಅದು ಮೊದಲೇ ಅರ್ಧ ಎದ್ದಂತಿತ್ತು. ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು ಒಂದು ಮೂಲೆ ಹಗುರವಾಗಿ ದೂಡಿದೆ. ಗಿರ್ರನೆ ತಿರುಗಿತು. ಸಪಾಟಾಗಿರುವ ಬ್ಯಾಟರಿ ಹಾಗೆ ತಿರುಗುವುದಿಲ್ಲ, ಹೊಟ್ಟೆ ಉಬ್ಬಿದ್ದು ಮಾತ್ರ ತಿರುಗುತ್ತದೆ. ಲಿಥಿಯಂ ಬ್ಯಾಟರಿ ಹಳೆಯದಾದಾಗ ಒಳಗೆ ಗ್ಯಾಸ್ ತುಂಬಿ ಹೀಗೆ ಉಬ್ಬುತ್ತದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು. ಬೆಂಕಿ ಹತ್ತಬಹುದು. ದೊಡ್ಡಮ್ಮ ಅದನ್ನು ರಾತ್ರಿಯಿಡೀ ಹಾಸಿಗೆಯ ಪಕ್ಕ ಚಾರ್ಜಿಗೆ ಇಡುತ್ತಿದ್ದರು. ದಿನಾಂಕದ ಸಂದೇಶಕ್ಕಿಂತ ನನಗೆ ಹೆದರಿಕೆಯಾದದ್ದು ಇದಕ್ಕೆ.

"ಹೊಸ ಬ್ಯಾಟರಿ ಬರೋ ತನಕ ಇದನ್ನ ಹಾಕೋದೇ ಬೇಡ ದೊಡ್ಡಮ್ಮ" ಅಂದೆ. ಮುಖ ಸಣ್ಣದಾಯಿತು, ಆದರೆ ಒಪ್ಪಿದರು. ಬ್ಯಾಟರಿ ಮೇಲಿನ ಮಾದರಿ ಸಂಖ್ಯೆ ಬರೆದುಕೊಂಡು ಬಂದು ಶಿವಮೊಗ್ಗದಲ್ಲಿ ಹುಡುಕಿದೆ. ಫೋನಿನ ಹೆಸರು ಹೇಳಿದರೆ ಇಲ್ಲ ಅನ್ನುವವರು ಆ ಸಂಖ್ಯೆ ತೋರಿಸಿದರೆ ಡಬ್ಬಿ ತೆಗೆದು ನೋಡುತ್ತಾರೆ. ನೆಹರು ರಸ್ತೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಉಬ್ಬಿದ್ದನ್ನು ಕಸಕ್ಕೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ.

ಬ್ಯಾಟರಿ ಕೊಡಲು ಮತ್ತೆ ಹೋದಾಗ ಇನ್ನೊಂದು ತೊಡಕು ಕಂಡಿತು. ದಿನಾಂಕ ಸರಿಯಿದ್ದರೂ ಅವರು ಓದುವ ಒಂದು ಜಾಲತಾಣ ಮಾತ್ರ ಎಚ್ಚರಿಕೆ ತೋರಿಸಿ ನಿಲ್ಲುತ್ತಿತ್ತು. ಇದರ ಕಾರಣ ಬೇರೆ. ಜಾಲತಾಣ ಅಸಲಿಯೋ ಅಂತ ನೋಡಲು ಅದರ ಬಳಿ ಒಂದು ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಶುರುವಿನ ದಿನ, ಕೊನೆಯ ದಿನ ಎರಡೂ ಇರುತ್ತವೆ. ಮುಂದಿನ ತಿಂಗಳ ಬಸ್ ಪಾಸ್ ಇವತ್ತು ತೋರಿಸಿದರೆ ಕಂಡಕ್ಟರ್ ಒಪ್ಪುವುದಿಲ್ಲ ಅಲ್ವಾ? 2015ರಲ್ಲಿ ಕೂತ ಫೋನ್ ಈಗಿನ ಪ್ರಮಾಣಪತ್ರ ಒಪ್ಪದಿರುವುದೂ ಹಾಗೇ. ದಿನಾಂಕ ಸರಿಯಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಕೊಟ್ಟವರು ಯಾರು? ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಪ್ರಮಾಣಪತ್ರ ಪುಕ್ಕಟೆ ಕೊಡುತ್ತದೆ, ಬಹಳ ಜಾಲತಾಣಗಳು ಅದನ್ನೇ ಬಳಸುತ್ತವೆ. ಆದರೆ ಅದರ ಮೂಲ ಗುರುತು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳು ನಂಬುವ ಗುರುತುಗಳ ಪಟ್ಟಿಯಲ್ಲೇ ಇಲ್ಲ. ಹಳೆ ಫೋನುಗಳಿಗಾಗಿ ಮಾಡಿದ್ದ ಬದಲಿ ಏರ್ಪಾಡಿನ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಫೈರ್‌ಫಾಕ್ಸ್ ಬ್ರೌಸರ್ ಇಂಥ ಗುರುತುಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ, ಫೋನಿನದ್ದನ್ನು ನಂಬಿ ಕೂರುವುದಿಲ್ಲ. ಹಾಕಿ ಕೊಟ್ಟೆ, ಜಾಲತಾಣ ತೆರೆಯಿತು. ಎಚ್ಚರಿಕೆ ಬಂದರೂ ಮುಂದೆ ಹೋಗು ಅಂತ ಒತ್ತುವ ಅಭ್ಯಾಸ ಮಾತ್ರ ಕಲಿಸಬಾರದು. ಭದ್ರತೆಯ ಅಪ್‌ಡೇಟ್ ಇಂಥ ಫೋನಿಗೆ ಬರುವುದಿಲ್ಲ, ಹಾಗಾಗಿ ಇದರಲ್ಲಿ ಬ್ಯಾಂಕು, ಹಣದ ವ್ಯವಹಾರ ಬೇಡ ಅಂತಲೂ ಹೇಳಿದೆ.

ಹೊರಡುವ ಮುಂಚೆ ಫೋನಿನ ಭಾಷೆ ಕನ್ನಡಕ್ಕೆ ಬದಲಾಯಿಸಿದೆ. ಆಂಡ್ರಾಯ್ಡ್ 5ರಿಂದಲೇ ಕನ್ನಡ ಇದೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಹೆಂಗಸು ತನ್ನ ಫೋನ್ ಹೇಳುವುದನ್ನು ಮಾತ್ರ ಓದಲಾಗದೆ ಇಷ್ಟು ವರ್ಷ ಇದ್ದದ್ದು ನನಗೆ ಸಂಕಟ ಅನ್ನಿಸಿತು. ದೊಡ್ಡಮ್ಮ ಸೆಟ್ಟಿಂಗ್ಸ್ ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. "ಇದೆಲ್ಲ ಇಲ್ಲೇ ಇತ್ತನಾ?" ಅಂದರು.

ಭಾದ್ರಪದದಲ್ಲಿ ಒಂದು ಸಂಜೆ ಅವರ ಕರೆ ಬಂತು. "ಸಂಗ್ರಹಣೆ ಸ್ಥಳ ಕಡಿಮೆ ಇದೆ ಅಂತ ಬಂದದೆ. ಫೋಟೊ ತೆಗೀಬೇಕಲ್ಲ?" ಹೌದು ಅಂದೆ. ದಿನಾ ಬರುವ ಶುಭೋದಯದ ಹೂವಿನ ಚಿತ್ರಗಳನ್ನೆಲ್ಲ ತೆಗೆಯಲು ಹೇಳಿಕೊಟ್ಟೆ. ಅಡಿಕೆ ರೇಟಿನ ಪಟ್ಟಿ ಮಾತ್ರ ಒಂದೂ ತೆಗೆಯುವುದಿಲ್ಲ ಅಂದರು. ರಾಶಿ ಮಾರುವ ಹೊತ್ತಿಗೆ ಹಿಂದಿನ ತಿಂಗಳುಗಳದ್ದು ತಾಳೆ ನೋಡಬೇಕಂತೆ.